ಕಣ್ಣಿಗೆ ಪಟ್ಟಿ ಹಾಕಿ ದನಿಯನ್ನು ಬಯಲಿಗಿಟ್ಟವರಿಗೆ

ಸಂಶೋಧನೆಯ ನೀತಿ ಕಾಯುವ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ತೀರಿಕೊಂಡ ತನ್ನ ಹೆಂಡತಿಯ ಫೋಟೊ ನೋಡಿ ನನ್ನ ತಮ್ಮ ಒಂದು ಹೊಲಸು ಬೈಗುಳ ಆಡಿದ. ಬೇಕೆಂದು ಆಡಿದ್ದಲ್ಲ. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ಬಾಯಿಂದ ಅದು ಜಾರಿಬಿತ್ತು. ಬಿದ್ದದ್ದು ನಿಮ್ಮ ಆಸ್ಪತ್ರೆಯ ಚಿಕಿತ್ಸಾ ಕೋಣೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ. ಆ ಗಳಿಗೆಯನ್ನು ನಿಮ್ಮವರು ಚಿತ್ರೀಕರಿಸಿಕೊಂಡು, ಅವನನ್ನು ಒಂದು ಮಾತೂ ಕೇಳದೆ, ತುಂಬಿದ ಸಭೆಯಲ್ಲಿ ಗೋಡೆಯಗಲದ ಪರದೆಯ ಮೇಲೆ ತೋರಿಸಿದರು. ಸಭೆ ನಕ್ಕಿತು. ಆ ಸಭೆಯಲ್ಲಿ ಅವನೂ ಕೂತಿದ್ದ, ಪಕ್ಕದಲ್ಲಿ ನಾನೂ ಇದ್ದೆ. ನನ್ನ ದೂರು ಇಷ್ಟೇ. ಅದಕ್ಕೆ ತಮ್ಮ ಕಚೇರಿ ಕೊಟ್ಟ ಉತ್ತರ ಇನ್ನೂ ಚಿಕ್ಕದು: "ರೋಗಿಯ ಗುರುತನ್ನು ಸಮರ್ಪಕವಾಗಿ ಮರೆಮಾಚಲಾಗಿದೆ. ಯಾವುದೇ ಪ್ರತಿಕೂಲ ಪರಿಣಾಮ ಕಂಡುಬಂದಿಲ್ಲ."

ನಾನು ವಕೀಲರ ಕಚೇರಿಯಲ್ಲಿ ಬೆರಳಚ್ಚು ಮಾಡುವವಳು. ಇಂಥ ವಾಕ್ಯಗಳನ್ನು ಬದುಕಿಡೀ ಟೈಪ್ ಮಾಡಿದ್ದೇನೆ. 'ಕಂಡುಬಂದಿಲ್ಲ' ಎಂದರೆ ನೋಡಲು ಯಾರೂ ಬಂದಿಲ್ಲ ಎಂದರ್ಥ. ಆದ್ದರಿಂದ ನೀವು ನೋಡದ್ದನ್ನು ನಾನೇ ಇಲ್ಲಿ ಬರೆಯುತ್ತಿದ್ದೇನೆ. ಪತ್ರಿಕೆಯಲ್ಲಿ, ಊರಿನ ಎದುರು ಬರೆಯಬೇಕಾಗಿ ಬಂತಲ್ಲ ಎಂಬ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ನನ್ನ ತಮ್ಮ ಯಾರೆಂದು ಮೊದಲು ಹೇಳಬೇಕು. ಅವನು ಬಸ್ ನಿಲ್ದಾಣದ ಉದ್ಘೋಷಕ. ಮೇಲಿನ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಹೊರಡುತ್ತಿದೆ ಎಂದು ಹೇಳುವವನು. ಅವನ ಮುಖ ಕಂಡವರು ಕಡಿಮೆ, ದನಿ ಕೇಳದವರು ಊರಲ್ಲೇ ಇಲ್ಲ. ಜನ ಅವನಿಗೆ ಮೈಕಣ್ಣ ಎಂದು ಹೆಸರಿಟ್ಟಿದ್ದರು. ಒಮ್ಮೆ ತಾಯಿಯಿಂದ ತಪ್ಪಿಸಿಕೊಂಡ ಒಂದು ಪುಟ್ಟ ಹುಡುಗಿಯನ್ನು ಯಾರೋ ಅವನ ಗೂಡಿಗೆ ತಂದು ಬಿಟ್ಟರು. ಮಗು ಅಳು ನಿಲ್ಲಿಸಲಿಲ್ಲ. ಇವನು ಮೈಕಿನಲ್ಲೇ ಅವಳ ಜೊತೆ ಹರಟೆಗೆ ಕೂತ. "ನಿಮ್ಮಮ್ಮ ಉದ್ದ ಜಡೆಯವರಾ, ಗಿಡ್ಡ ಜಡೆಯವರಾ? ಸಿಡುಕೋರಾ, ನಗೋರಾ?" "ಸಿಡುಕ್ತಾಳೆ," ಅಂದಳು ಹುಡುಗಿ. ನಿಲ್ದಾಣಕ್ಕೆ ನಿಲ್ದಾಣವೇ ನಕ್ಕಿತು. ಆ ನಗುವಿನ ನಡುವೆ ಅಮ್ಮ ಸಿಡುಕುತ್ತಲೇ ಮೆಟ್ಟಿಲು ಹತ್ತಿ ಬಂದಳಂತೆ. ನನ್ನ ತಮ್ಮನಿಗೆ ಜನರನ್ನು ನಗಿಸುವುದು ಗೊತ್ತಿತ್ತು, ಮಾನ್ಯರೇ. ಆ ನಗುವಿಗೂ ನಿಮ್ಮ ಸಭೆಯ ನಗುವಿಗೂ ನಡುವಿನ ಅಂತರ ಅಳೆಯಲು ನಿಮ್ಮ ಸಮಿತಿಯಲ್ಲಿ ಯಾವುದಾದರೂ ಉಪಕರಣ ಇದೆಯೇ?

ಕಳೆದ ವರ್ಷ ಆ ಗೂಡಿನಲ್ಲೇ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ನಾನೂ ಒಂಟಿ. ನನ್ನ ಮನೆಗೇ ಕರೆದುಕೊಂಡು ಬಂದೆ. ಅವನಿಗೆ ನಾವು ಆಡಿದ್ದು ಅರ್ಥವಾಗುತ್ತಿತ್ತು, ತಿರುಗಿ ಹೇಳಲು ಶಬ್ದ ಸಿಗುತ್ತಿರಲಿಲ್ಲ. ನೀರು ಬೇಕಾದಾಗ ಬಾಯಿ ತೆರೆದರೆ ಬೈಗುಳ ಬರುತ್ತಿತ್ತು. ಬಂದ ತಕ್ಷಣ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ನಿಮ್ಮ ಆಸ್ಪತ್ರೆಯ ಮಾತಿನ ಚಿಕಿತ್ಸೆಯ ಹುಡುಗಿ ನನಗೆ ಬಿಡಿಸಿ ಹೇಳಿದಳು: "ಅಕ್ಕಾ, ಕೆಲವರಿಗೆ ಎಲ್ಲಾ ಮಾತು ಹೋದ್ರೂ ಬೈಗುಳ ಮಾತ್ರ ಉಳಿದುಬಿಡುತ್ತೆ. ಅದು ಅವರ ಮನಸ್ಸಲ್ಲಿ ಇರೋದಲ್ಲ. ನೀವು ಕೇಳಿಸ್ಕೊಳ್ಳದ ಹಾಗೆ ಇದ್ದುಬಿಡಿ." ಒಳ್ಳೆಯ ಹುಡುಗಿ. ಅವಳ ಕೈಗುಣವೋ ತಾಳ್ಮೆಯೋ, ಒಂದೊಂದೇ ಮಾತು ಮರಳತೊಡಗಿತು. ಮೊದಲು ಬಂದದ್ದು 'ಬೇಡ'. ಆಮೇಲೆ 'ನೀರು'. ಆಮೇಲೊಂದು ಮಧ್ಯಾಹ್ನ, ನಾನು ಬಟ್ಟೆ ಮಡಿಸುತ್ತಿದ್ದಾಗ ಹಿಂದಿನಿಂದ 'ಅಕ್ಕ' ಎಂದ. ಕೈಯಲ್ಲಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮನೆಯವರ ಫೋಟೊ ಇದ್ದರೆ ತನ್ನಿ, ಗುರುತು ಹಿಡಿದು ಹೆಸರು ಹೇಳಿಸೋಣ ಎಂದು ಆ ಹುಡುಗಿ ಕೇಳಿದಾಗ ಅವನ ಹೆಂಡತಿಯ ಫೋಟೊ ಕೊಟ್ಟವಳು ನಾನೇ. ಆ ದಿನ ಕೋಣೆಯಿಂದ ಹೊರಗೆ ಬಂದವನು ಮನೆ ಮುಟ್ಟುವವರೆಗೆ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದ. ಆಯಾಸವಾಗಿರಬೇಕು ಅಂದುಕೊಂಡೆ. ಒಳಗೆ ಏನಾಯಿತು ಎಂದು ಆ ಹುಡುಗಿಯೂ ಹೇಳಲಿಲ್ಲ. ಹೇಳದೆ ಉಳಿಸಿದ್ದು ಅವಳ ದೊಡ್ಡತನ. ಸೂರಿನ ಮೂಲೆಯಲ್ಲಿದ್ದ ಕ್ಯಾಮೆರಾ ಕಳ್ಳಕಾಕರಿಗಾಗಿ ಇಟ್ಟದ್ದು ಎಂದು ನಾವು ನಂಬಿದ್ದೆವು. ಈಗ ಯೋಚಿಸಿದರೆ, ನಂಬಿದ್ದು ಅಷ್ಟೇನೂ ತಪ್ಪಾಗಿರಲಿಲ್ಲ. ಕಳ್ಳತನ ಯಾವ ಕಡೆಯಿಂದ ಎಂಬುದೊಂದು ತಿಳಿದಿರಲಿಲ್ಲ.

ಆಮೇಲೆ ನಿಮ್ಮ ಆಸ್ಪತ್ರೆಯಿಂದ ಆಹ್ವಾನ ಬಂತು. ರೋಗಿಗಳಿಗೆ, ಕುಟುಂಬದವರಿಗೆ, ಸಾರ್ವಜನಿಕರಿಗೆ ಮಾಹಿತಿ ಸಭೆ. ನನ್ನ ತಮ್ಮ ಹುರುಪಿನಿಂದ ಹೊರಟ. ತಾನೇ ಶರ್ಟು ಆರಿಸಿದ, ಇಸ್ತ್ರಿ ಸರಿಯಿಲ್ಲ ಎಂದು ಕೈಸನ್ನೆಯಲ್ಲಿ ನನ್ನನ್ನೇ ಗದರಿದ. ಶೂ ಲೇಸು ಕಟ್ಟಿದ್ದು ನಾನು. ಅಷ್ಟು ಜನರ ನಡುವೆ ಅವನು ಹೋಗುತ್ತಿದ್ದದ್ದು ಕಾಯಿಲೆ ಬಿದ್ದ ಮೇಲೆ ಅದೇ ಮೊದಲು.

ವೇದಿಕೆಯ ಮೇಲೆ ವಿಭಾಗದ ದೊಡ್ಡ ಡಾಕ್ಟರು. ಮಾತು ಮೆದುಳಿನ ಎಲ್ಲೆಲ್ಲಿ ಅಡಗಿರುತ್ತದೆ ಎಂದು ಚೆನ್ನಾಗಿಯೇ ಹೇಳುತ್ತಿದ್ದರು. "ಈಗ ನಮ್ಮ ಸಂಶೋಧನೆಯ ಒಂದು ಸ್ವಾರಸ್ಯವಾದ ತುಣುಕು ನೋಡೋಣ," ಎಂದು ಗುಂಡಿ ಒತ್ತಿದರು. ಪರದೆಯ ಮೇಲೆ ಒಬ್ಬ ಗಂಡಸು, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಎದುರಿಗೆ ಹಿಡಿದದ್ದು ಫೋಟೊ. "ಇವರು ಯಾರು ಹೇಳ್ತೀರಾ?" ಎಂದು ಹುಡುಗಿಯ ದನಿ. ಆ ಗಂಡಸು ಬಾಯಿ ತೆರೆದ.

ಆ ಶಬ್ದವನ್ನು ನಾನು ಟೈಪ್ ಮಾಡುವುದಿಲ್ಲ. ಆದರೆ ದನಿ! ಗಾಜಿನ ಗೂಡಿನಿಂದ ಊರಿನವರನ್ನೆಲ್ಲ ಬಸ್ಸು ಹತ್ತಿಸಿದ ಅದೇ ತುಂಬು ದನಿ. ಸಭೆ ಮೊದಲು ಗೊಳ್ಳೆಂದಿತು. ಕೆಟ್ಟ ಜನ ಅಲ್ಲ, ಅಪ್ಪಿತಪ್ಪಿ ಬಂದ ನಗು. ಅದರ ಬೆನ್ನಿಗೇ ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು, "ಅಯ್ಯೋ, ಇದು ನಮ್ಮ ಮೈಕಣ್ಣ ಅಲ್ವೇನ್ರೀ?" ಅಂದಳು. ಆ ಮಾತು ಸಾಲಿನಿಂದ ಸಾಲಿಗೆ ಹೋದದ್ದು ನನಗೆ ಕೇಳಿಸಿತು. ಕತ್ತುಗಳು ತಿರುಗಿದವು. ಪರದೆಯ ಮೇಲೆ ನನ್ನ ತಮ್ಮ ಬಾಯಿಗೆ ಎಡಗೈ ಒತ್ತಿ ಹಿಡಿದಿದ್ದ. ನನ್ನ ಪಕ್ಕದ ಕುರ್ಚಿಯಲ್ಲೂ ಅವನು ಬಾಯಿಗೆ ಎಡಗೈ ಒತ್ತಿ ಹಿಡಿದಿದ್ದ.

ದನಿಯೇ ಮುಖವಾಗಿದ್ದವನ ಕಣ್ಣಿಗೆ ಪಟ್ಟಿ ಹಾಕಿ 'ಗುರುತು ಮರೆಮಾಚಲಾಗಿದೆ' ಎಂದಿರಲ್ಲ, ಆ ಪಟ್ಟಿ ನಿಜವಾಗಿ ಇದ್ದದ್ದು ಯಾರ ಕಣ್ಣಿನ ಮೇಲೆ?

ನನ್ನ ನಾಚಿಕೆ ಅಲ್ಲಿಗೇ ಮುಗಿಯಲಿಲ್ಲ. ಹೊರಗೆ ಚಹಾ ಕೊಡುತ್ತಿದ್ದ ಕಡೆ ದೊಡ್ಡ ಡಾಕ್ಟರು ಎದುರಾಗಿ, "ಹೇಗಿತ್ತಮ್ಮಾ ಕಾರ್ಯಕ್ರಮ?" ಎಂದರು. ನನ್ನ ಬಾಯಿಂದ ಬಂದದ್ದು, "ಚೆನ್ನಾಗಿತ್ತು ಡಾಕ್ಟ್ರೇ, ಥ್ಯಾಂಕ್ಸ್." ನನಗಂತೂ ಪಾರ್ಶ್ವವಾಯು ಹೊಡೆದಿರಲಿಲ್ಲ. ಬಿಳಿ ಕೋಟಿನ ಎದುರು ನಮ್ಮಂಥವರಿಗೆ ಬಾಯಿಂದ ತಾನಾಗಿ ಹೊರಬೀಳುವ ಶಬ್ದ ಅದು. ನಿಮ್ಮವರು ನಮ್ಮ ಮೌನವನ್ನು, ನಮ್ಮ ವಿನಯವನ್ನು ಒಪ್ಪಿಗೆ ಎಂದು ಎಣಿಸುವಾಗ ಇದನ್ನು ನೆನಪಿನಲ್ಲಿಡಬೇಕು.

ಮರುದಿನದಿಂದ ನನ್ನ ತಮ್ಮ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬಾಯಿಯೇ ತೆರೆಯಲಿಲ್ಲ. 'ನೀರು' ಹೋಯಿತು, 'ಅಕ್ಕ' ಹೋಯಿತು. ಬೇಕಾದ್ದಕ್ಕೆ ಮೇಜು ತಟ್ಟುತ್ತಿದ್ದ. ಬೈಗುಳವನ್ನು ಕೂಡ ಆಡಲಿಲ್ಲ. ಅದಾದರೂ ಬರಲಿ ಎಂದು ನಾನು ಕಾಯುವಂತಾಯಿತು. ಕಾಯಿಲೆ ಬಿದ್ದ ಮೊದಲ ವರ್ಷ ಮಾತು ಮರಳಲು ಬಹಳ ಮುಖ್ಯ ಎಂದು ನಿಮ್ಮವರೇ ಹೇಳಿದ್ದರು. ಆ ವರ್ಷದ ದಿನಗಳು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕರಗಿಹೋದವು. ಮೈಮೇಲೆ ದದ್ದು ಏಳಲಿಲ್ಲ, ಜ್ವರ ಬರಲಿಲ್ಲ. ಹೌದು, ಯಾವುದೇ ಪ್ರತಿಕೂಲ ಪರಿಣಾಮ ಕಂಡುಬಂದಿಲ್ಲ.

ನಾನು ತಮ್ಮ ಕಚೇರಿಗೆ ಬಂದೆ. ತಾವು ಸಿಗಲಿಲ್ಲ. ಕಾರ್ಯದರ್ಶಿಗಳು ಸೌಜನ್ಯದಿಂದ ಕೂರಿಸಿ ಒಂದು ಹಾಳೆ ಮುಂದಿಟ್ಟರು. ಆಸ್ಪತ್ರೆಗೆ ಸೇರಿಸಿದ ದಿನದ್ದು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬೋಧನೆಗೂ ಸಂಶೋಧನೆಗೂ ಬಳಸಬಹುದು ಎಂದಿತ್ತು. ಅದರ ಕೆಳಗೆ ಎಡಗೈಯ ಒಂದು ಗೀಚು.

"ನೋಡಿ ಮೇಡಂ, ಸಹಿ ಇದೆ."

"ಇದು ಸಹಿ ಅಲ್ಲ ಸರ್."

"ಅವರೇ ಹಾಕಿದ್ದಲ್ವಾ?"

"ಕೈ ಅವನದೇ. ಅವತ್ತು ಅವನಿಗೆ ಚಮಚ ಯಾವುದು, ಪೆನ್ನು ಯಾವುದು ಅಂತ ಗೊತ್ತಾಗ್ತಿರಲಿಲ್ಲ. ಇದ್ದಬದ್ದದ್ದನ್ನೆಲ್ಲ ನಿಮ್ಮ ಆಸ್ಪತ್ರೆಗೆ ಬರ್ಕೊಟ್ಟಿದ್ದೀನಿ ಅಂತ ಇದ್ದಿದ್ರೂ ನೀವು ಅದಕ್ಕೂ ಹಾಕಿಸಬಹುದಿತ್ತು."

"ಎಲ್ಲರ ಹತ್ರನೂ ಹೀಗೇ ತಗೊಳ್ಳೋದು ಮೇಡಂ," ಎಂದರು ಅವರು, ಸಮಾಧಾನ ಮಾಡುವ ದನಿಯಲ್ಲಿ.

ಆ ಸಮಾಧಾನವೇ ನನ್ನ ನಿದ್ದೆ ಕೆಡಿಸಿದ್ದು. ಎಲ್ಲರ ಹತ್ತಿರವೂ ಹೀಗೇ! ವಕೀಲರ ಕಚೇರಿಯಲ್ಲಿ ಒಂದು ಸೈಕಲ್ಲು ಮಾರುವುದಕ್ಕೂ, ಬರೆದದ್ದನ್ನು ಓದಿ ಹೇಳಿದೆವು, ಅವರು ಸ್ವಸ್ಥ ಬುದ್ಧಿಯಿಂದ ಕೇಳಿ ಒಪ್ಪಿದರು ಎಂದು ನಾನು ಟೈಪ್ ಮಾಡುತ್ತೇನೆ. ಮನುಷ್ಯನ ಅತ್ಯಂತ ಸೋತ ಗಳಿಗೆಗೆ ಅಷ್ಟೂ ಬೇಡವೇ? ಅವನಿಗೆ ಮೊದಲು ಮರಳಿದ ಮಾತೇ 'ಬೇಡ' ಆಗಿತ್ತಲ್ಲ, ಆ ಮಾತನ್ನು ಅವನು ಬಳಸಬಹುದಾದ ಒಂದೇ ಒಂದು ಪ್ರಶ್ನೆಯನ್ನು ನಿಮ್ಮವರು ಕೇಳಿದರೇ?

ಸಂಶೋಧನೆ ಬೇಡ ಎನ್ನುವಷ್ಟು ಮೂಢಳಲ್ಲ ನಾನು. ಯಾರೋ ಹಿಂದೆ ಹೀಗೆ ಕ್ಯಾಮೆರಾದ ಮುಂದೆ ಕೂತು ತಡವರಿಸಿದ್ದರಿಂದಲೇ ಆ ಹುಡುಗಿಗೆ ನನ್ನ ತಮ್ಮನ ಬಾಯಿಗೆ 'ನೀರು' ತರಿಸುವುದು ಗೊತ್ತಾಯಿತು. ಕೇಳಿದ್ದರೆ ಅವನು ಒಪ್ಪುತ್ತಿದ್ದನೇನೋ. ಅಪರಿಚಿತರು ದಾರಿ ತಪ್ಪದಿರಲಿ ಎಂದು ಗಂಟಲು ಸವೆಸಿದವನು ಅವನು. ಇದರಿಂದ ಇನ್ನೊಬ್ಬರಿಗೆ ಮಾತು ಬರುತ್ತದೆ ಎಂದಿದ್ದರೆ, ಫೋಟೊದ ಗಳಿಗೆ ಬಿಟ್ಟು ಉಳಿದದ್ದೆಲ್ಲ ತೋರಿಸಿ ಎನ್ನುತ್ತಿದ್ದನೋ ಏನೋ. ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ತಾನಾಗಿ ಕೊಡಬಹುದಾಗಿದ್ದನ್ನು ಕಿತ್ತುಕೊಂಡು, ಕೊಟ್ಟೆ ಎನ್ನುವ ಸಮಾಧಾನವನ್ನೂ ಅವನಿಗೆ ಇಲ್ಲದಂತೆ ಮಾಡಿದಿರಿ.

ಮಾತಿನ ಚಿಕಿತ್ಸೆಯ ಆ ಹುಡುಗಿ ಒಂದು ಭಾನುವಾರ ತಾನಾಗಿ ಮನೆಗೆ ಬಂದಳು. ಬಾಗಿಲಲ್ಲಿ ನಿಂತು ನನ್ನ ಹತ್ತಿರ ಏನೋ ಹೇಳಲು ಶುರು ಮಾಡಿ, ನಿಲ್ಲಿಸಿ, ನೇರ ಅವನ ಮುಂದೆ ಹೋಗಿ ನಿಂತಳು. "ಅಣ್ಣಾ, ಅದನ್ನ ಹಾಗೆ ತೋರಿಸ್ತಾರೆ ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೇ ಇದ್ದದ್ದೂ ನನ್ನ ತಪ್ಪೇ. ನಾನು ಇಲ್ಲಿ ಕೂತ್ಕೊಬಹುದಾ? ಬೇಡ ಅಂದ್ರೆ ಹೋಗ್ತೀನಿ." ತಮ್ಮ ಅವಳ ಚೀಲವನ್ನೇ ದಿಟ್ಟಿಸಿದ. ಅವಳಿಗೆ ತಿಳಿಯಿತು. ಫೋನು ತೆಗೆದು ನನ್ನ ಕೈಗೆ ಕೊಟ್ಟಳು, ನಾನು ಅಡುಗೆಮನೆಯಲ್ಲಿ ಇಟ್ಟು ಬಂದೆ. ಬಂದು ನೋಡಿದರೆ ಅವನು ಕಾಲಿನಿಂದ ಒಂದು ಕುರ್ಚಿಯನ್ನು ಅವಳ ಕಡೆಗೆ ತಳ್ಳುತ್ತಿದ್ದ. ಆ ದಿನ ಮಾತು ಬರಲಿಲ್ಲ. ಮುಂದಿನ ಸಲವೂ ಇಲ್ಲ. ಈಗ ಅವನು ತುಟಿ ಅಲ್ಲಾಡಿಸುತ್ತಾನೆ. ಉಸಿರಿದೆ, ದನಿ ಇನ್ನೂ ಇಲ್ಲ.

ಇನ್ನು ಈ ಪತ್ರ. ಅವನ ಮಾನದ ಕಥೆಯನ್ನು ಅವನನ್ನು ಕೇಳದೆ ಪ್ರಕಟಿಸಿದರೆ ನನಗೂ ನಿಮಗೂ ಏನು ವ್ಯತ್ಯಾಸ? ಒಂದೊಂದೇ ಪ್ಯಾರಾ ಅವನಿಗೆ ಓದಿ ಹೇಳಿದೆ. ತಲೆಯಾಡಿಸುವಾಗ ಹೌದು ಅಲ್ಲಗಳು ಅವನಿಗೆ ಅದಲುಬದಲಾಗುತ್ತವೆ. ಅದಕ್ಕೇ ಎರಡೂ ಕಡೆಯಿಂದ ಕೇಳಬೇಕು ಎಂದು ಆ ಹುಡುಗಿ ಕಲಿಸಿದ್ದಳು. "ಇದು ಇರಲಾ?" ಆಮೇಲೆ, "ಇದನ್ನ ತೆಗೆದುಬಿಡಲಾ?" ಎರಡೂ ಉತ್ತರ ತಾಳೆಯಾದರಷ್ಟೇ ಮುಂದಕ್ಕೆ. ಫೋಟೊದ ಭಾಗ ಓದಿದಾಗ ಎದ್ದು ಹೊರಗೆ ಹೋದ. ಅದನ್ನು ಹೊಡೆದುಹಾಕಿದೆ. ಕೆಲವು ದಿನ ಬಿಟ್ಟು ಅವನೇ ಹಾಳೆ ಎಳೆದುಕೊಂಡು, ಹೊಡೆದುಹಾಕಿದ ಸಾಲುಗಳ ಮೇಲೆ ಬೆರಳಿಟ್ಟ. "ಇರಲಾ?" ಹೌದು ಎಂದು ತಲೆ ಆಡಿಸಿದ. "ತೆಗೀಲಾ?" ಇಲ್ಲ ಎಂದು ಆಡಿಸಿದ. ಕಣ್ಣು ತುಂಬಿತ್ತು, ಆದರೆ ಬೆರಳು ಕದಲಲಿಲ್ಲ. ಇನ್ನೊಂದು ಘಟನೆಯನ್ನು ಮಾತ್ರ ತೆಗೆಸಿದ. ಅದು ಈ ಪತ್ರದಲ್ಲಿ ಇಲ್ಲ. ಏನದು ಎಂದು ನಿಮಗೆ ಎಂದೂ ಗೊತ್ತಾಗುವುದಿಲ್ಲ. ಒಪ್ಪಿಗೆ ಕೇಳುವುದೆಂದರೆ ಇಷ್ಟೇ, ಮಾನ್ಯರೇ: ಹೇಳಲು ತವಕಪಡುತ್ತಿದ್ದ ಒಂದು ಒಳ್ಳೆಯ ಕಥೆಯನ್ನು ನಾನು ಕಳೆದುಕೊಂಡೆ. ಕಳೆದುಕೊಳ್ಳಲು ಸಿದ್ಧರಿಲ್ಲದವರು ಕೇಳಿದರೂ ಕೇಳಿದಂತಲ್ಲ.

ನನ್ನ ಬೇಡಿಕೆ ಹೀಗಿದೆ. ಆ ತುಣುಕನ್ನು ಇನ್ನು ಎಲ್ಲಿಯೂ ತೋರಿಸಕೂಡದು. ಆ ಕೋಣೆಯಲ್ಲಿ ಕೂತು ಹೋದ ಪ್ರತಿಯೊಬ್ಬರಿಗೂ ಅಲ್ಲಿ ಕ್ಯಾಮೆರಾ ಇತ್ತು ಎಂದು ತಿಳಿಸಬೇಕು. ಸೇರಿಸುವ ದಿನದ ಗೀಚನ್ನು ಒಪ್ಪಿಗೆ ಎನ್ನುವುದನ್ನು ಬಿಡಬೇಕು. ಬುದ್ಧಿ ತಿಳಿಯಾದ ಮೇಲೆ, ಅವರಿಗೆ ಅರ್ಥವಾಗುವ ರೀತಿಯಲ್ಲಿ, ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಭರವಸೆ ಕೊಟ್ಟು ಕೇಳಬೇಕು. ಕೊನೆಯದಾಗಿ, ತಾವೇ ನಮ್ಮ ಮನೆಗೆ ಬಂದು, ನನ್ನ ಕಡೆ ನೋಡದೆ, ನನ್ನ ತಮ್ಮನ ಎದುರು ಕೂತು ಕ್ಷಮೆ ಕೇಳಬೇಕು. ಆ ಚಿತ್ರವನ್ನು ಅಳಿಸಬೇಕೋ ಇಟ್ಟುಕೊಳ್ಳಬಹುದೋ ಎಂದು ಅವನನ್ನೇ ಕೇಳಬೇಕು, ಎರಡೂ ಕಡೆಯಿಂದ. ಅವನು ಬಹಳ ಹೊತ್ತು ಸುಮ್ಮನಿರುತ್ತಾನೆ. ದಯವಿಟ್ಟು ಆ ಮೌನದೊಳಕ್ಕೆ ಪೆನ್ನು ಚಾಚಬೇಡಿ. ಕಾಯಿರಿ.

ಇಂತಿ,
ಚಹಾದ ಲೋಟ ಹಿಡಿದು ನಿಮ್ಮ ದೊಡ್ಡ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದ್ದನ್ನು ಈ ಮೂಲಕ ವಾಪಸು ಪಡೆಯುತ್ತಿರುವ,
ಮೈಕಣ್ಣನ ಅಕ್ಕ
(ಓದಿ ಹೇಳಲಾಗಿದೆ, ತಮ್ಮ ಕೇಳಿ ಒಪ್ಪಿದ್ದಾನೆ)