ಹೊಸ ಬೋರ್ಡಿಗೆ ತೀರ್ಥ

ಚಾಚಕ್, ಶನಿವಾರ

ಪೂಜ್ಯ ಫಾದರ್ ಯೆವ್ರೆಮ್ ಅವರಿಗೆ,

ಅಮ್ಮನ ಹಳೆಯ ಲ್ಯಾಪ್‌ಟಾಪಿಗೆ ಹೊಸ ಮದರ್‌ಬೋರ್ಡು, ಪ್ರೊಸೆಸರು ಕೂರಿಸಿ, ಮುಚ್ಚಳ ಹಾಕುವ ಮೊದಲು ಚಾಲೂ ಮಾಡಿದೆ. ಚೆನ್ನಾಗಿಯೇ ಓಡಿತು. ಸ್ಕ್ರೂ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ನಮ್ಮ ಮನೆತನವನ್ನು ಕಾಯುವ ಸಂತರ ಹಬ್ಬಕ್ಕೆಂದು ನೀವು ಮಂತ್ರಿಸಿಕೊಟ್ಟ ತೀರ್ಥದಲ್ಲಿ ಅಮ್ಮ ಕಾಮಕಸ್ತೂರಿಯ ಕಂತೆ ಅದ್ದಿ ಬೋರ್ಡಿನ ಮೇಲೆ ಚಿಮುಕಿಸಿಬಿಟ್ಟಳು. ಚಟ್ ಎಂದಿತು, ಪರದೆ ಕಪ್ಪಾಯಿತು.

"ಏನಮ್ಮಾ ಮಾಡ್ಬಿಟ್ಟೆ!" ಎಂದು ಕಿರುಚಿದೆ.

"ನಿಮ್ಮಪ್ಪನ ಹೃದಯಕ್ಕೆ ಹೊಸ ಕವಾಟ ಹಾಕ್ಸಿದಾಗ್ಲೂ ತೀರ್ಥ ಬೇಡ ಅಂದ್ಯಲ್ಲ. ಆಮೇಲೇನಾಯ್ತು?" ಎಂದಳು.

ಅಪ್ಪ ಆಸ್ಪತ್ರೆಯಿಂದ ಜೀವಂತವಾಗಿ ಮರಳಿರಲಿಲ್ಲ.

ಇನ್ನೊಂದು ಬೋರ್ಡು ತರಿಸುತ್ತಿದ್ದೇನೆ. ಅದನ್ನು ಕೂರಿಸುವ ದಿನ ದಯವಿಟ್ಟು ನೀವೇ ಬನ್ನಿ. ಲ್ಯಾಪ್‌ಟಾಪನ್ನು ದೂರದಿಂದಲೇ ಹರಸಿ. ತೀರ್ಥವನ್ನು ಅಮ್ಮ ನೋಡುವಂತೆ ನನ್ನ ತಲೆಯ ಮೇಲೆ ಹಾಕಿ.

ನಿಮ್ಮ ವಿಧೇಯ,
ವುಕಾಶಿನ್