ಎರಡು ಊರಿನ ನಡುವೆ ನಾಲ್ಕು ಅಡಿ

ಸೆಪ್ಟೆಂಬರ್ 9, ಮಂಗಳವಾರ

ಮತ್ತೆ ಅದೇ ಕನಸು. ನಾನು ನೆಟ್ಟ ಗೂಟಗಳೆಲ್ಲ ಬೇರು ಬಿಟ್ಟಿವೆ. ಅದರಲ್ಲೊಂದು ತಪ್ಪು ಜಾಗದಲ್ಲಿದೆ, ಯಾವುದು ಅಂತ ಗೊತ್ತಿಲ್ಲ. ಒಂದೊಂದನ್ನೇ ಹಿಡಿದು ಎಳೆಯುತ್ತೇನೆ... ಬರುವುದಿಲ್ಲ. ಎದ್ದಾಗ ಅಂಗೈ ನೋಯುತ್ತಿತ್ತು.

ಇವತ್ತು ಹೊಸ ರಸ್ತೆಯ ಗುರುತಿಗೆ ನಲವತ್ತೆರಡು ಗೂಟ. ಡೆಲ್ರೋಸ್ ಕಡೆಯಿಂದ ನಮ್ಮ ಸರ್ವೆ ತಂಡ, ಪೈಕ್‌ಟನ್ ಕಡೆಯಿಂದ ಅವರದು. ನಡುವೆ ಆರು ಮೈಲಿ ಜೋಳದ ಹೊಲ. ರಸ್ತೆ ಆದರೆ ಇಕ್ಕೆಲದಲ್ಲೂ ಗೋದಾಮು, ದೊಡ್ಡ ಅಂಗಡಿಗಳು ಬರುತ್ತವಂತೆ. ಎರಡೂ ಊರಿನ ಮೇಯರ್‌ಗಳು ಪೇಪರಿನಲ್ಲಿ ಒಂದೇ ಸಲಿಕೆ ಹಿಡಿದುಕೊಂಡು ನಗುತ್ತಿದ್ದಾರೆ.

ಮಧ್ಯಾಹ್ನ ಲಾಯ್ಡ್ ಅಗೆಯುವ ಯಂತ್ರದಿಂದ ಇಳಿದು ಬಂದು ನನ್ನ ಡಬ್ಬಿಯೊಳಗೆ ಇಣುಕಿದ.

"ಇವತ್ತೂ ಮೊಟ್ಟೆ ಸ್ಯಾಂಡ್‌ವಿಚ್ಚೇನೋ ಆರ್ಲೋ? ಒಂದಿನ ನೀನೇ ಕೊಕ್ಕೊಕ್ಕೋ ಅಂತೀಯ ನೋಡು."

"ಹೋಗೋ ಮಾರಾಯ."

"ಪೆನ್ಸಿಲ್ ಗುರುತನ್ನೂ ಮೂರು ಸಲ ನೋಡ್ತೀಯಲ್ಲ, ಅದಕ್ಕೇ ನಿನ್ನ ಬೈಯೋದು. ನಾನು ಧೈರ್ಯವಾಗಿ ಅಗಿಯೋದೂ ಅದಕ್ಕೇ."

ಹದಿನಾಲ್ಕು ವರ್ಷದಿಂದ ಇದನ್ನೇ ಹೇಳುತ್ತಿದ್ದಾನೆ.

ಸೆಪ್ಟೆಂಬರ್ 18, ಗುರುವಾರ

ಇವತ್ತು ಎರಡೂ ತಂಡದ ಗೆರೆ ಗಡಿಯಲ್ಲಿ ಕೂಡಬೇಕಿತ್ತು. ಕೂಡಲಿಲ್ಲ. ಅವರ ಕೊನೆಯ ಗೂಟ ನಮ್ಮದಕ್ಕಿಂತ ಪೂರ್ವಕ್ಕೆ ನಾಲ್ಕು ಅಡಿ. ಟೇಪ್ ಹಿಡಿದು ಅಳೆದೆ. ಮತ್ತೆ ಅಳೆದೆ. ನಾಲ್ಕೇ.

ನಮ್ಮ ತಂಡದ ಮುಖ್ಯಸ್ಥ ಗ್ರೇಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. "ಏನಮ್ಮಾ ಇರ್ಮಾ, ನಿಮ್ಮೂರಲ್ಲಿ ಬೆಳಿಗ್ಗೇನೇ ಬಿಯರ್ ಶುರುನಾ?"

ಇರ್ಮಾ ಪೈಕ್‌ಟನ್ ತಂಡದವಳು. "ನಮ್ಮೂರಲ್ಲಿ ಕುಡಿದೋರು ನಿಮ್ಮೂರಿಗೇ ಬಂದು ಬೀಳೋದು. ಹೋಗಿ ನಿಮ್ಮ ಅಳೆಯೋ ಯಂತ್ರ ನೋಡ್ಕೊಳ್ಳಿ."

ಎಲ್ಲರೂ ನಕ್ಕರು. ಆಫೀಸಿಗೆ ಫೋನು ಹೋಯಿತು. ಎರಡೂ ಊರಿನ ಆಫೀಸಿನವರು ಮಾತಾಡಿಕೊಂಡು ಹೇಳಿದ್ದು: ಅಲ್ಲೊಂದು ತಿರುವು ಇದೆಯಲ್ಲ, ನಾಲ್ಕು ಅಡಿ ಅದರಲ್ಲೇ ಕರಗಿಸಿ. ಕೂಡಿ ಮಾಡುವ ಕೆಲಸ, ಯಾರ ತಪ್ಪು ಅಂತ ಕೆದಕಬೇಡಿ.

ಕರಗಿಸಿದೆವು. ಆದರೆ ನಾಲ್ಕು ಅಡಿ ಎಲ್ಲಿಂದ ಬಂತು? ಯಾರೂ ಕೇಳಲಿಲ್ಲ. ಹತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ನಾನೇನು ಕೇಳಲಿ.

ಅಕ್ಟೋಬರ್ 6, ಸೋಮವಾರ

ಎರಡು ದಿನ ಜಡಿಮಳೆ. ಗ್ಯಾಸ್ ಕೊಳವೆಯ ಗುರುತೆಲ್ಲ ಹೋಗಿದೆ. ಗ್ಯಾಸಿನವರು ಕೊಳವೆ ಪತ್ತೆ ಮಾಡುವ ಕೋಲು ಹಿಡಿದು ನಡೆದು, ಹಳದಿ ಬಾವುಟ ನೆಟ್ಟು ಹೋಗಿದ್ದರು. ಲಾರಿಗಳು ಕೆಸರಲ್ಲಿ ತುಳಿದು ಹಾಕಿವೆ. ಕಾನೂನಿನ ಪ್ರಕಾರ ಅವರನ್ನೇ ಮತ್ತೆ ಕರೆಸಬೇಕು. ಮೂರು ದಿನ ಕಾಯಬೇಕು.

ಗ್ರೇಡಿ ಒಂದು ಪಟ್ಟಿ ಕೊಟ್ಟ. "ಆ ಬಾವುಟಗಳನ್ನ ಪೈಕ್‌ಟನ್‌ನೋರು ಮೊದಲೇ ಅಳೆದಿಟ್ಟಿದಾರೆ. ನಂಬರ್ ಕಳಿಸಿದಾರೆ. ಯಂತ್ರಕ್ಕೆ ಹಾಕು, ಅದು ತೋರಿಸಿದ ಕಡೆ ನೆಡು."

"ಗ್ರೇಡಿ, ಅವರ ಗೆರೆ, ನಮ್ಮ ಗೆರೆ ಆವತ್ತು..."

"ಆರ್ಲೋ, ನೀನು ಇಂಜಿನಿಯರ್ರಾ?"

"ಅಲ್ಲ."

"ಮತ್ತೆ ನೆಡು."

ನೆಟ್ಟೆ. ಇಪ್ಪತ್ತಾರು ಬಾವುಟ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ. ಒಂದೊಂದನ್ನೂ ಎರಡು ಸಲ ನೋಡಿದೆ. ಯಂತ್ರದಲ್ಲಿ ನಂಬರ್ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಆದರೂ ಆವತ್ತಿನ ನಾಲ್ಕು ಅಡಿ ತಲೆಯಿಂದ ಹೋಗಲಿಲ್ಲ. ಲಾಯ್ಡ್‌ಗೆ ಹೇಳಿದೆ — ನಾಳೆ ಬಾವುಟದ ಹತ್ತಿರ ಹೋಗಬೇಡ.

"ಎರಡು ಅಡಿ ಬಿಟ್ಟು ಅಗಿ ಅನ್ನುತ್ತೆ ಕಾನೂನು. ನಿನಗೋಸ್ಕರ ನಾಲ್ಕು ಅಡಿ ಬಿಡ್ತೀನಿ. ಪೂರ್ವದ ಕಡೆಗೆ. ಖುಷಿನಾ? ಈಗ ಮನೆಗೆ ಹೋಗಿ ಮಲಗು."

ಅಕ್ಟೋಬರ್ 7

ಲಾಯ್ಡ್ ಹೋದ. ಒಂಬತ್ತೂ ಹತ್ತು. ಯಂತ್ರದ ಬಕೆಟ್ ಕೊಳವೆಗೆ ತಾಗಿತು. ಮೊದಲು ಶಿಳ್ಳೆ ಥರ. ಆಮೇಲೆ

ಅಕ್ಟೋಬರ್ 11, ಶನಿವಾರ

ಮಣ್ಣು ಮಾಡಿ ಬಂದೆವು. ಪೆಟ್ಟಿಗೆ ಮುಚ್ಚಿಯೇ ಇಟ್ಟಿದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸದ ಸ್ಯಾಂಡ್‌ವಿಚ್, ಆಲೂಗಡ್ಡೆ. ತಟ್ಟೆ ಹಿಡಿದುಕೊಂಡೇ ನಿಂತಿದ್ದೆ.

ಆಗಲೇ ಮಾತು ಹಬ್ಬಿದೆ: ಲಾಯ್ಡ್ ಬಾವುಟ ದಾಟಿ ಅಗೆದನಂತೆ. ಅವನ ಹೆಂಡತಿ ನಡೀನ್ ನನ್ನ ತೋಳು ಹಿಡಿದಳು.

"ಆರ್ಲೋ, ನೀನಲ್ಲೇ ಇದ್ದೆ. ಅವರು ಬಾವುಟ ದಾಟಿದ್ರಾ? ನನ್ನ ಮಗಳಿಗೆ ಸ್ಕೂಲಲ್ಲಿ ಅಂತಾರಂತೆ, ನಿಮ್ಮಪ್ಪ ಕಣ್ಣು ಮುಚ್ಕೊಂಡು ಅಗೆದ ಅಂತ."

ದಾಟಿರಲಿಲ್ಲ. ನಾನು ನೋಡುತ್ತಿದ್ದೆ. ಪೂರ್ವಕ್ಕೆ ನಾಲ್ಕು ಅಡಿ ಬಿಟ್ಟೇ ಬಕೆಟ್ ಇಳಿಸಿದ್ದ.

"ಹೊಗೇಲಿ ಸರಿಯಾಗಿ ಕಾಣಲಿಲ್ಲ ನಡೀನ್," ಅಂದೆ.

ಹೊಗೆ ಬಂದಿದ್ದು ಆಮೇಲೆ.

ಅಕ್ಟೋಬರ್ 13, ಸೋಮವಾರ

ಕಂಪನಿಯ ಹೇಳಿಕೆಗೆ ಸಹಿ ಹಾಕಿದೆ. ಎರಡು ಪುಟ, ಸಣ್ಣ ಅಕ್ಷರ. "ಓದ್ತಾ ಕೂತ್ರೆ ಸಂಜೆಯಾಗುತ್ತೆ" ಅಂದ ಗ್ರೇಡಿ. ಅವನು ಬೆರಳಿಟ್ಟ ಕಡೆ ಹೆಸರು ಬರೆದೆ. ಬಾವುಟಗಳು ಸರಿಯಾದ ಜಾಗದಲ್ಲಿದ್ದವು, ಚಾಲಕ ದಾಟಿ ಅಗೆದ. ಆ ಸಾಲು ಮಾತ್ರ ಓದಿದ್ದೆ. ಓದಿಯೂ ಹಾಕಿದೆ.

ಅಕ್ಟೋಬರ್ 21, ಮಂಗಳವಾರ

ಎಂಟು ದಿನ ಏನೂ ಬರೆಯಲಿಲ್ಲ. ಕೆಲಸಕ್ಕೂ ಹೋಗಲಿಲ್ಲ.

ಇವತ್ತು ಪೆಟ್ರೋಲ್ ಬಂಕ್ ಹತ್ತಿರ ಇರ್ಮಾ ಸಿಕ್ಕಳು. ಕಾಫಿ ತಂದು ಕೈಗೆ ಕೊಟ್ಟಳು.

"ನಿಮ್ಮ ಯಂತ್ರ ಯಾವ ಅಡಿಯಲ್ಲಿ ಇಟ್ಟಿದೀರ?"

"ಅಡಿ ಅಂದ್ರೆ ಅಡಿ."

"ಅಲ್ಲ ಆರ್ಲೋ. ಎರಡು ಇವೆ. ಸರ್ವೆಯೋರ ಹಳೇ ಅಡಿ ಒಂದು, ಎಲ್ಲ ದೇಶದೋರು ಒಪ್ಕೊಂಡಿರೋ ಹೊಸ ಅಡಿ ಒಂದು. ಕಣ್ಣಲ್ಲಿ ನೋಡಿದ್ರೆ ವ್ಯತ್ಯಾಸಾನೇ ಕಾಣಲ್ಲ. ಆದರೆ ನಮ್ಮ ನಂಬರ್ ಶುರುವಾಗೋದು ಎಲ್ಲಿಂದ? ಇಪ್ಪತ್ತು ಲಕ್ಷ ಅಡಿ ಆಚೆಯಿಂದ. ಇಲ್ಲಿಗೆ ಬರೋ ಹೊತ್ತಿಗೆ ಎಷ್ಟಾಗುತ್ತೆ ಗೊತ್ತಾ?"

ನನಗೆ ಗೊತ್ತಿತ್ತು. ಟೇಪ್ ಹಿಡಿದು ಎರಡು ಸಲ ಅಳೆದಿದ್ದೆ.

"ನಮ್ಮದು ಹಳೇದು," ಅಂದಳು. "ನಿಮ್ಮದು ನೋಡು."

ಅಕ್ಟೋಬರ್ 22, ಬುಧವಾರ, ಬೆಳಿಗ್ಗೆ 7

ನೋಡಿದೆ. ಹೊಸದು.

ಅವರ ಹಳೇ ಅಡಿಯ ನಂಬರನ್ನು ನಾನು ಹೊಸ ಅಡಿಯಲ್ಲಿ ನೆಟ್ಟಿದ್ದೆ. ಅಂದರೆ ಕೊಳವೆ ಬಾವುಟದ ಕೆಳಗೆ ಇರಲೇ ಇಲ್ಲ. ಪೂರ್ವಕ್ಕೆ ನಾಲ್ಕು ಅಡಿ ಆಚೆ ಇತ್ತು. ನನಗೋಸ್ಕರ ಅವನು ಜರುಗಿದನಲ್ಲ, ನೇರ ಅಲ್ಲಿಗೆ.

ಅಕ್ಟೋಬರ್ 23, ಗುರುವಾರ

ಗ್ರೇಡಿಗೆ ನಿನ್ನೆಯೇ ಹೇಳಿದ್ದೆ. ಹೇಳಬಾರದಿತ್ತು. ಇವತ್ತು ಯಂತ್ರ ತೆಗೆದರೆ — ಹಳೇ ಅಡಿ.

"ಮೊದಲಿಂದಾನೂ ಹೀಗೇ ಇತ್ತು," ಅಂದ. ನನ್ನ ಮುಖ ನೋಡಲಿಲ್ಲ. "ಬಾವುಟ ನೆಟ್ಟೋನು ನೀನು ಅನ್ನೋದು ನೆನಪಿರಲಿ. ಎರಡು ಊರು ಸೇರಿ ಅಂಗಡಿ ಕಟ್ಟೋಕೆ ಕಾಯ್ತಾ ಇದಾವೆ. ಯಾರನ್ನ ಬಿಟ್ಕೊಡ್ತಾರೆ ಅಂತೀಯ?"

ನನ್ನನ್ನೇ. ಗೊತ್ತು.

ಅಕ್ಟೋಬರ್ 26, ಭಾನುವಾರ, ಮಧ್ಯಾಹ್ನ 3

ಚರ್ಚಿನಲ್ಲಿ ಲಾಯ್ಡ್ ಮಗಳು ನಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಸ್ಫೋಟದ ತನಿಖೆಯವರು ಶುಕ್ರವಾರ ಬಂದು ಯಂತ್ರ ನೋಡಿ ಹೋದರಂತೆ. ಅವರಿಗೆ ಕಾಗದ. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಒಳ್ಳೇ ಹಾಳೆಗೆ.

ಸಾರ್, ಹದಿಮೂರನೇ ತಾರೀಕು ನಾನು ಸಹಿ ಹಾಕಿದ ಹೇಳಿಕೆ ಸುಳ್ಳು. ಹಳದಿ ಬಾವುಟ ನೆಟ್ಟವನು ನಾನು. ಲಾಯ್ಡ್ ದಾಟಲಿಲ್ಲ. ಕಾನೂನು ಹೇಳಿದ್ದಕ್ಕಿಂತ ಎರಡರಷ್ಟು ದೂರ ಬಿಟ್ಟಿದ್ದ, ನಾನು ಹೆದರುತ್ತೇನೆ ಅಂತ. ನೀವು ಯಂತ್ರ ನೋಡಿ ಎಲ್ಲ ಸರಿ ಇದೆ ಅಂದಿರಂತೆ. ನೀವು ನೋಡಿದ್ದು ಬದಲಾಯಿಸಿದ ಮೇಲೆ. ಅದರೊಳಗೆ ದಿನದಿನದ ದಾಖಲೆ ಉಳಿದಿರುತ್ತದೆ ಅಂತ ಪೈಕ್‌ಟನ್‌ನ ಇರ್ಮಾ ಹೇಳುತ್ತಾಳೆ. ಅಕ್ಟೋಬರ್ 6, ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ. ಅದು ನನ್ನ ಕೈಯಲ್ಲಿದ್ದಾಗ ಯಾವ ಅಡಿಯಲ್ಲಿತ್ತು, ಅದೊಂದನ್ನು ದಯವಿಟ್ಟು ಇನ್ನೊಂದು ಸಲ ನೋಡಿ —