ಉಂಡ ಮೇಲೆ ಒಂದು ಸಾಸರ್ ಟೀ

ಪ್ರೀತಿಯ ಅತ್ತೆಗೆ,

ಚನ್ನರಾಯನದುರ್ಗದಿಂದ ನಿಮ್ಮ ಸೊಸೆ ಭವ್ಯ ಬರೆಯುವುದು. ಫೋನ್ ಮಾಡಿದರೆ "ಉಂಡ್ಯೇನಮ್ಮ" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಗಳ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀರೆಂಬ ಆಸೆ.

ನೀವು ಮುನಿಸಿಕೊಂಡು ಕಳ್ಳಂಬೆಳ್ಳದ ಮಗಳ ಮನೆ ಸೇರಿದ್ದು ಒಂದೇ ಮಾತಿಗೆ. ನಮ್ಮ ಪುಟ್ಟ ಶರಣ್ಯಾ ಗೋಡೆಯ ಸುಣ್ಣ ಕೆರೆದು ತಿನ್ನುತ್ತಾಳೆ, ಮುಖ ಬಿಳಿಚಿಕೊಂಡಿದೆ ಎಂದು ಮಧುಗಿರಿಯ ಡಾಕ್ಟರಿಗೆ ತೋರಿಸಿಕೊಂಡು ಬಂದೆವಲ್ಲ, ಅವತ್ತು. ನಿಮ್ಮ ಮಗ ಚಪ್ಪಲಿ ಕೂಡ ಬಿಡದೆ, "ಮಗೀಗೆ ರಕ್ತ ಇಲ್ದಂಗೆ ಮಾಡಿರೋದು ನೀನೇ ಕಣವ್ವ, ನಿನ್ನ ಟೀ" ಎಂದುಬಿಟ್ಟರು. ಮೊಮ್ಮಗಳಿಗೆಂದು ಟೀ ಆರಿಸುತ್ತಿದ್ದ ಸಾಸರನ್ನು ನೀವು ಮೆಲ್ಲಗೆ ಕೆಳಗಿಟ್ಟಿರಿ. "ನಾಕು ಮಕ್ಳನ್ನ ಸಾಕ್ದೋಳು ಕಣ್ಲಾ ನಾನು. ಇನ್ಮೇಲೆ ನನ್ನ ಕೈಯಿಂದ ಏನೂ ಕೊಡಕಿಲ್ಲ ಬುಡು" ಎಂದಿರಿ. ಮಾರನೆಯ ದಿನ ಬಸ್ ಹತ್ತಿದಿರಿ.

ಅವರು ಕೇಳಿಸಿಕೊಂಡದ್ದು ಅರ್ಧ, ಅತ್ತೆ. ಡಾಕ್ಟರ್ ಮೊದಲು ಬೈದದ್ದು ನನ್ನ ಹಾಲಿನ ಬಾಟಲಿಗೆ. "ದಿನವೆಲ್ಲ ಹಾಲೇ ತುಂಬಿಸಿದ್ರೆ ಊಟಕ್ಕೆ ಹೊಟ್ಟೇಲಿ ಜಾಗ ಎಲ್ಲಮ್ಮ? ಹಾಲಲ್ಲಿ ಕಬ್ಬಿಣದಂಶ ಇಲ್ಲವೇ ಇಲ್ಲ ಅನ್ನಬೇಕು" ಎಂದರು. ಆಗ ನಿಮ್ಮ ಮಗ ಹೊರಗೆ ಬೈಕ್ ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಒಳಗೆ ಬರುವ ಹೊತ್ತಿಗೆ ಟೀ ಮಾತು ನಡೆದಿತ್ತು. ನೀವು ಉಣಿಸುವ ನುಗ್ಗೆಸೊಪ್ಪು, ಹುರುಳಿಕಾಳನ್ನು ಡಾಕ್ಟರ್ ಮೆಚ್ಚಿಕೊಂಡರು. ಆದರೆ ಉಂಡ ಕೂಡಲೇ ಟೀ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಿಲ್ಲವಂತೆ. ಸಾರಿಗೆ ನಿಂಬೆಹುಳಿ ಹಿಂಡಿದರೆ ಚೆನ್ನಾಗಿ ಹತ್ತುತ್ತದಂತೆ. ಇಷ್ಟು ಚಿಕ್ಕ ಮಕ್ಕಳಿಗೆ ಟೀಯೇ ಬೇಡ ಎಂದರು. ಅದನ್ನು ನಾನು ಬಿಟ್ಟುಕೊಡುವುದಿಲ್ಲ, ನೀವು ಎಷ್ಟೇ ಮುಖ ಊದಿಸಿಕೊಂಡರೂ.

ಡಾಕ್ಟರ್ ಕೊಟ್ಟ ಕಬ್ಬಿಣದಂಶದ ಟಾನಿಕ್ ಕುಡಿಸುತ್ತಿದ್ದೇನೆ. ಅದರಿಂದ ಮಗುವಿನ ಕಕ್ಕ ಕಪ್ಪಗಾಗುತ್ತದೆ, ಹೆದರಬೇಡಿ ಎಂದು ಡಾಕ್ಟರ್ ಹೇಳಿದ್ದರೂ ಪಕ್ಕದ ಮನೆ ಚಿಕ್ಕಲಕ್ಷ್ಮಮ್ಮ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದೇ ಬಿಟ್ಟರು. ಹಾಲಿನ ಬಾಟಲಿಯನ್ನೂ ಅಟ್ಟಕ್ಕೆ ಹಾಕಿದ್ದೇನೆ. ಆದರೆ ಊಟ ಹೋಗುತ್ತಿಲ್ಲ, ಅತ್ತೆ. ಮುದ್ದೆ ಮುರಿದು ಸೊಪ್ಪಿಗೆ ಅದ್ದಿ ಬಾಯಿಗಿಟ್ಟರೆ ತುಟಿ ಬಿಗಿಹಿಡಿಯುತ್ತಾಳೆ. ಕಾಗೆ ತೋರಿಸಿದೆ, ಬಸವಣ್ಣನನ್ನು ತೋರಿಸಿದೆ. ನಿಮ್ಮ ಮಂಚದ ಕಡೆ ಬೆರಳು ಮಾಡಿ "ಅಜ್ಜಿ ತಿನ್ಸಲಿ" ಎನ್ನುತ್ತಾಳೆ. ನನಗೆ ಭಯವಾಗುತ್ತಿದೆ.

ನೀವೂ ಅಲ್ಲಿ ಟೀ ಬಿಟ್ಟಿದ್ದೀರಿ ಎಂದು ನಾದಿನಿ ಹೇಳಿದಳು. "ಮಗೀಗಿಲ್ದಿದ್ದು ನಂಗ್ಯಾಕೆ" ಅಂದಿರಂತೆ. ಅದನ್ನು ಕೇಳಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ನೀವು ಟೀ ಬಿಡುವುದು ಬೇಡ, ಇಲ್ಲಿಗೇ ಬಂದು ಅವಳೆದುರೇ ಕುಡಿಯಿರಿ. ಅವಳು ಕೈ ಚಾಚಿದಾಗ ನೀವೇ ಬೇಡವೆನ್ನಿ. ನಾನು ಹೇಳಿದರೆ ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಾಳೆ, ನೀವು ಹೇಳಿದರೆ ಕೇಳುತ್ತಾಳೆ.

ಭಾನುವಾರ ನಿಮ್ಮ ಮಗ ಕರೆಯಲು ಬರುತ್ತಾರೆ. ಬಾಗಿಲಲ್ಲೇ ನಿಲ್ಲಿಸಿ ಮನಸಾರೆ ಬೈಯಿರಿ. ಆಮೇಲೆ ಬ್ಯಾಗ್ ಅವರ ಕೈಗೆ ಕೊಟ್ಟು ಹೊರಟುಬನ್ನಿ. ಅವತ್ತಿನ ಮುದ್ದೆಯನ್ನು ನಾನು ತಟ್ಟೆಗೆ ಹಾಕುವುದಷ್ಟೇ, ಉಣಿಸುವವರು ನೀವು.

ನಿಮ್ಮ ಕಾಲಿಗೆ ನನ್ನ ನಮಸ್ಕಾರ, ಶರಣ್ಯಾಳ ತಲೆಯ ಮೇಲೆ ನಿಮ್ಮ ಕೈ ಸದಾ ಇರಲಿ.

ನಿಮ್ಮ ದಾರಿ ಕಾಯುತ್ತಿರುವ ಸೊಸೆ,
ಭವ್ಯ